ಗಾಯ ಸಣ್ಣದು, ಪಾಠ ದೊಡ್ಡದು

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ 2023ರ ಮೇ 30ರ ಬೆಳಿಗ್ಗೆ ಮೇಲೇರಿದ ರೆಡ್‌ಬರ್ಡ್ ಸಂಸ್ಥೆಯ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದಾಗಿ ಹೊಲವೊಂದರಲ್ಲಿ ತುರ್ತಾಗಿ ಇಳಿಯಬೇಕಾಯಿತು. ಅದರಲ್ಲಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಎರಡೇ ದಿನಗಳ ನಂತರ, ಜೂನ್ 1ರಂದು, ಮೈಸೂರಿನ ನೆರೆಯ ಚಾಮರಾಜನಗರ ಜಿಲ್ಲೆಯಲ್ಲಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಪತನಗೊಂಡಿತು. ಅದರ ಪೈಲಟ್‌ಗಳಿಬ್ಬರೂ ವಿಮಾನದಿಂದ ಹೊರಚಿಮ್ಮಿ, ಪ್ಯಾರಾಚೂಟ್ ನೆರವಿನಿಂದ ಜೀವ ಉಳಿಸಿಕೊಂಡರು. ನಾಗರಿಕ ತರಬೇತಿಗೆ ಬಳಸುವ ಪುಟ್ಟ ವಿಮಾನಗಳಲ್ಲಿ ಅಂಥ ಆಸನಗಳಿಲ್ಲ. ಕಲಿಯುವವರ ಪಾಲಿಗೆ ವಿಮಾನವನ್ನು ನೆಲಕ್ಕೆ ಇಳಿಸುವುದೊಂದೇ ದಾರಿ.

ಮೈಸೂರಿಗೆ ಈ ವಿಷಯ ದೂರದ್ದಲ್ಲ. 2010ರಲ್ಲಿ ನವೀಕರಣಗೊಂಡ ಮಂಡಕಳ್ಳಿ ವಿಮಾನ ನಿಲ್ದಾಣ ಪೈಲಟ್ ತರಬೇತಿಯ ತಾಣವೂ ಆಗಿದೆ. ಅಲ್ಲಿನ 1,740 ಮೀಟರ್ ಉದ್ದದ ರನ್‌ವೇ ದೊಡ್ಡ ಜೆಟ್ ವಿಮಾನಗಳಿಗೆ ಸಾಲದು. ಹಾಗಾಗಿ ನಗರದ ಚರ್ಚೆಯೆಲ್ಲ ರನ್‌ವೇ ವಿಸ್ತರಣೆ, ಅದಕ್ಕೆ ಅಡ್ಡವಾಗುವ ನಂಜನಗೂಡು ಹೆದ್ದಾರಿ, ಹೊಸ ಊರುಗಳಿಗೆ ವಿಮಾನ ಸಂಚಾರ ಇವುಗಳ ಸುತ್ತಲೇ ನಡೆಯುತ್ತದೆ. ಅದೇ ರನ್‌ವೇಯಲ್ಲಿ ಹಾರಲು ಕಲಿಯುವ ಯುವಕ ಯುವತಿಯರ ಸುರಕ್ಷತೆಯ ಬಗ್ಗೆ ಕೇಳುವವರು ಕಡಿಮೆ.

ಹಾರಾಟದಲ್ಲಿ ಕಲಿಯಲು ಅತಿ ಕಷ್ಟವಾದದ್ದು ಇಳಿಯುವ ವಿದ್ಯೆ. ವೇಗ ತಗ್ಗಿದಷ್ಟೂ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿ ಕುಗ್ಗುತ್ತದೆ. ನೆಲ ಹತ್ತಿರವಿರುವುದರಿಂದ ತಪ್ಪನ್ನು ತಿದ್ದಿಕೊಳ್ಳಲು ಕಾಲಾವಕಾಶವೂ ಇರುವುದಿಲ್ಲ. ಅಡ್ಡಗಾಳಿ ಬೀಸಿದರೆ, ಚಕ್ರ ನೆಲಕ್ಕೆ ತಾಗಿ ವಿಮಾನ ಪುಟಿದರೆ, ಹಟ ಹಿಡಿದು ಇಳಿಸಲೆತ್ನಿಸುವ ಬದಲು ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರುವುದೇ ಜಾಣತನ. ಅದು ಸೋಲಲ್ಲವೆಂಬ ಭರವಸೆಯನ್ನು ಶಿಷ್ಯನಲ್ಲಿ ತುಂಬಬೇಕಾದವರು ಗುರುಗಳು.

ಆದರೆ ಗುರುಗಳ ಮೇಲೂ ಒತ್ತಡವಿದೆ. 2023ರಲ್ಲಿ ಏರ್ ಇಂಡಿಯಾ 470 ಮತ್ತು ಇಂಡಿಗೊ 500 ವಿಮಾನಗಳ ಖರೀದಿ ಪ್ರಕಟಿಸಿದವು. ಅಷ್ಟು ವಿಮಾನಗಳಿಗೆ ಪೈಲಟ್‌ಗಳು ಬೇಕು. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಕಡ್ಡಾಯ. ಅದಕ್ಕಾಗಿ ಮಧ್ಯಮ ವರ್ಗದ ಕುಟುಂಬಗಳು ಸಾಲ ಮಾಡಿ ಲಕ್ಷಾಂತರ ರೂಪಾಯಿ ಹೊಂದಿಸುತ್ತವೆ. ಗಂಟೆಗಳನ್ನು ಬೇಗ ತುಂಬಿಸುವ ಆತುರ ಸಂಸ್ಥೆಗೂ ಇರುತ್ತದೆ, ಸಾಲದ ಹೊರೆ ಹೊತ್ತ ವಿದ್ಯಾರ್ಥಿಗೂ ಇರುತ್ತದೆ.

ಬೆಳಗಾವಿಯ ಘಟನೆಯಾದ ಕೆಲವೇ ತಿಂಗಳಲ್ಲಿ, 2023ರ ಅಕ್ಟೋಬರ್‌ನಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಅದೇ ಸಂಸ್ಥೆಯ ಎರಡು ವಿಮಾನಗಳು ಒಂದು ವಾರದೊಳಗೆ ಅಪಘಾತಕ್ಕೀಡಾದವು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಆ ಸಂಸ್ಥೆಯ ತರಬೇತಿಯನ್ನು ತಡೆಹಿಡಿದದ್ದು ಆಮೇಲೆ. ಜೀವಹಾನಿಯಿಲ್ಲದ ಅಪಘಾತವನ್ನು ಅದೃಷ್ಟದ ಲೆಕ್ಕಕ್ಕೆ ಬರೆದು ಮರೆಯುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ತರಬೇತಿ ಸಂಸ್ಥೆಗಳಿಗೆ ಶ್ರೇಣಿ ನೀಡುವ ಪದ್ಧತಿಯನ್ನು ನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಮೊದಲ ಪಟ್ಟಿಯ ಅತ್ಯುನ್ನತ ಶ್ರೇಣಿಗೆ ಒಂದು ಸಂಸ್ಥೆಯೂ ಏರಲಿಲ್ಲ. ಈ ಕ್ರಮ ಸ್ವಾಗತಾರ್ಹ, ಆದರೆ ಇಷ್ಟೇ ಸಾಲದು.

ಅಪಘಾತ ತನಿಖೆಯ ಉದ್ದೇಶ ತಪ್ಪಿತಸ್ಥರನ್ನು ದಂಡಿಸುವುದಲ್ಲ, ಮುಂದಿನ ಅಪಘಾತವನ್ನು ತಪ್ಪಿಸುವುದು. ಇದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ತತ್ವ. ಹಾಗಿದ್ದ ಮೇಲೆ ಪುಟ್ಟ ವಿಮಾನ ಜಾರಿದ, ಮುಗ್ಗರಿಸಿದ, ಹೊಲಕ್ಕಿಳಿದ ಪ್ರತಿಯೊಂದು ಪ್ರಕರಣದ ವರದಿಯೂ ತಡವಿಲ್ಲದೆ ಪ್ರಕಟವಾಗಬೇಕು. ಮುಂದಿನ ತಂಡದ ತರಗತಿಯಲ್ಲಿ ಅದು ಪಾಠವಾಗಬೇಕು. ಶಿಕ್ಷಕರ ಹಾರಾಟದ ಅವಧಿಗೆ ಹಾಕಿದ ಮಿತಿ ಕಡತದಲ್ಲಷ್ಟೇ ಉಳಿಯಬಾರದು. ‘ಇಂದು ಹಾರಲಾರೆ’ ಎನ್ನುವ ವಿದ್ಯಾರ್ಥಿಯನ್ನು ಅಳುಕಿನವನೆಂದು ಹೀಗಳೆಯಬಾರದು. ರನ್‌ವೇಯ ಆಚೆಗೆ, ಹೊಲಗದ್ದೆಗಳ ನಡುವೆ ವಿಮಾನ ಇಳಿದರೆ ಯಾರು ಧಾವಿಸಬೇಕು ಎಂಬುದನ್ನು ಜಿಲ್ಲಾಡಳಿತ ಸುತ್ತಲಿನ ಹಳ್ಳಿಗರಿಗೆ ಮೊದಲೇ ತಿಳಿಸಿರಬೇಕು.

ಮಂಡಕಳ್ಳಿಯಲ್ಲಿ ಇಂದು ತಡವರಿಸುತ್ತಾ ಇಳಿಯುವ ವಿದ್ಯಾರ್ಥಿ ನಾಳೆ ನೂರಾರು ಪ್ರಯಾಣಿಕರನ್ನು ಹೊತ್ತ ವಿಮಾನದ ಚುಕ್ಕಾಣಿ ಹಿಡಿಯುತ್ತಾನೆ. ಅವನು ಇಲ್ಲಿ ಏನನ್ನು ಕಲಿತು ಹೋಗುತ್ತಾನೆ ಎಂಬುದು ಅವನ ಮನೆಯವರ ಚಿಂತೆ ಮಾತ್ರವಲ್ಲ, ಆ ವಿಮಾನದಲ್ಲಿ ಕೂರಲಿರುವ ನಮ್ಮೆಲ್ಲರ ಚಿಂತೆಯೂ ಆಗಬೇಕು.