ಊರಿಲ್ಲದ ಜಾಡಿಗಳು

ಎಸ್ಪ್ಲನೇಡ್‌ನಿಂದ ನ್ಯೂ ಮಾರ್ಕೆಟ್ ಕಡೆಗೆ ಹೋಗುವ ಫುಟ್‌ಪಾತಿನಲ್ಲಿ ಒಂದೇ ಜಾಡಿಗೆ ಎರಡು ಹೆಸರು ಕೇಳಿದ್ದೇನೆ. ಹೆಗಲು ಕಂದು, ಮೈ ಬಿಳಿ. ನಮ್ಮ ಉಪ್ಪಿನಕಾಯಿ ಜಾಡಿಯೇ, ಕರಾವಳಿಯವರ ಭರಣಿ. ಮಾರುವವನು ಪಕ್ಕದವನೊಡನೆ ಮಾತಾಡುವಾಗ ಅದು ‘ಬೊಯಾಮ್’. ಗಿರಾಕಿ ಬಗ್ಗಿ ನೋಡಿದ ಕೂಡಲೇ ‘ಬ್ರಿಟಿಷ್ ವಿಂಟೇಜ್’.

ಅವನ ಮೇಲೆ ನನಗೆ ಸಿಟ್ಟಿಲ್ಲ, ಹೊಟ್ಟೆಪಾಡು. ಸಿಟ್ಟಿರುವುದು ಆ ಹೆಸರಿಗೇ ದುಡ್ಡು ಕೊಟ್ಟು, ಜಾಡಿಯಲ್ಲಿ ಒಣಹುಲ್ಲು ಸಿಕ್ಕಿಸಿ, ತಮ್ಮನ್ನು ಸಂಗ್ರಾಹಕರೆಂದು ಕರೆದುಕೊಳ್ಳುವವರ ಮೇಲೆ. ಬೊಯಾಮ್ ಪೋರ್ಚುಗೀಸರಿಂದ ಬಂದ ಪದ. ಹಿಂದಿಯ ‘ಮರ್ತಬಾನ್’ ಬರ್ಮಾದ ಬಂದರೊಂದರ ಹೆಸರು. ಕೋಲ್ಕತ್ತದಿಂದ ದೂರವಿಲ್ಲದ ರಾಣಿಗಂಜ್‌ನಲ್ಲಿ ಬರ್ನ್ ಕಂಪನಿ 19ನೆಯ ಶತಮಾನದಲ್ಲೇ ಕುಂಬಾರಿಕೆಯ ಕಾರ್ಖಾನೆ ನಡೆಸಿತ್ತು. ಇಷ್ಟನ್ನೂ ಒರೆಸಿ ‘ವಿಂಟೇಜ್’ ಎಂದರೆ ಉಳಿಯುವುದು ಬರೀ ಬಣ್ಣ.

ಈ ಗೀಳಿಗೆ ಮಾದರಿ ಅಮೆರಿಕವಂತೆ. ಸರಿ, ಅಲ್ಲಿಗೇ ಹೋಗೋಣ. ಅಲ್ಲಿಯ ಹಳೆಯ ಸ್ಟೋನ್‌ವೇರ್ ಜಾಡಿಗಳನ್ನು ಸುಡುವಾಗ ಧಗಧಗಿಸುವ ಗೂಡಿಗೆ ಉಪ್ಪು ಎಸೆಯುತ್ತಿದ್ದರು. ಅದರ ಸೋಡಿಯಂ ಮಣ್ಣಿನ ಸಿಲಿಕಾದೊಡನೆ ಕೂಡಿ ಗಾಜಿನಂಥ ಹೊದಿಕೆಯಾಗುತ್ತಿತ್ತು. ಆ ಬಿಸಿಗೂ ಕೆಡದ ಕೋಬಾಲ್ಟ್ ನೀಲಿಯಲ್ಲಿ ಹಕ್ಕಿ, ಹೂವು ಬರೆಯುತ್ತಿದ್ದರು. ಹಕ್ಕಿ ಚೆನ್ನಾಗಿದ್ದಷ್ಟೂ ಬೆಲೆ ಹೆಚ್ಚು, ನಿಜ. ಆದರೆ ಅಲ್ಲಿಯ ಸಂಗ್ರಾಹಕರು ಮುದ್ರೆಯನ್ನೂ ಓದುತ್ತಾರೆ: ವರ್ಮಾಂಟ್‌ನ ಬೆನ್ನಿಂಗ್ಟನ್, ನಾರ್ಟನ್ ಕುಟುಂಬ, ಎಷ್ಟು ಗ್ಯಾಲನ್ ಹಿಡಿಯುತ್ತದೆ, ಎಲ್ಲವನ್ನೂ.

ಇನ್ನು 2021ರ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋದ 1858ರ ಜಾಡಿಯ ಮೇಲೆ ನೀಲಿ ಹಕ್ಕಿಯೇ ಇಲ್ಲ. ಅದರ ಮೇಲಿರುವುದು ಅಕ್ಷರ. ಮಾಡಿದವನು ದಕ್ಷಿಣ ಕೆರೊಲಿನಾದ ಗುಲಾಮ ಕುಂಬಾರ ಡೇವಿಡ್ ಡ್ರೇಕ್. ಗುಲಾಮರಿಗೆ ಓದುಬರಹ ಕಲಿಸುವುದನ್ನು 1834ರ ಕಾಯ್ದೆ ನಿಷೇಧಿಸಿದ್ದ ನಾಡಿನಲ್ಲಿ ಅವನು ಹಸಿಮಣ್ಣಿನ ಮೇಲೆ ತನ್ನ ಹೆಸರು, ತಾರೀಖು, ಒಮ್ಮೊಮ್ಮೆ ಎರಡು ಸಾಲಿನ ಪದ್ಯ ಕೊರೆದ. 2025ರಲ್ಲಿ ಬಾಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್ ತನ್ನಲ್ಲಿದ್ದ ಅವನ ಎರಡು ಜಾಡಿಗಳ ಒಡೆತನವನ್ನು ಅವನ ವಂಶಸ್ಥರಿಗೆ ಒಪ್ಪಿಸಿತು. ಹೆಸರು ಕೊರೆಯದಿದ್ದರೆ ಯಾರಿಗೆ ಒಪ್ಪಿಸುತ್ತಿದ್ದರು?

ನಮ್ಮ ಜಾಡಿ ಮಾಡಿದವರು ಹೆಸರು ಬರೆದಿಲ್ಲ ಎನ್ನುತ್ತೀರಿ. ತಿರುಗಿಸಿ ನೋಡಿದ್ದೀರಾ? ಎಷ್ಟೋ ಜಾಡಿಗಳ ತಳದಲ್ಲಿ ಕಾರ್ಖಾನೆಯ ಮುದ್ರೆ ಇರುತ್ತದೆ. ಅದೂ ಇಲ್ಲದಿದ್ದರೆ ಮಾರುವವನನ್ನು ಕೇಳಿ: ಯಾವ ಮನೆಯಿಂದ ಬಂತು, ಆ ಮನೆಯವರು ಏನೆನ್ನುತ್ತಿದ್ದರು, ಮಾವಿನ ಮಿಡಿಯೋ ಉಪ್ಪೋ ಹುಣಸೆಯೋ? ಉತ್ತರವನ್ನು ಚೀಟಿಯಲ್ಲಿ ಬರೆದು ಜಾಡಿಯೊಳಗೆ ಹಾಕಿಡಿ. ಒಣಹುಲ್ಲಿಗೂ ಜಾಗ ಸಾಲುತ್ತದೆ.