ದುಡಿಯುವ ಕೈಗೂ ದುರಸ್ತಿ ಬೇಕು

ಹಿಂಗಾರಿ ಸುಗ್ಗಿ ಬಂತೆಂದರೆ ನವಲಗುಂದ ಸೀಮೆಯ ಎರೆಹೊಲಗಳಲ್ಲಿ ಕೈಗೆ ಬಿಡುವಿರುವುದಿಲ್ಲ. ಹತ್ತಿ ಬಿಡಿಸುವುದು ಮುಗಿಯುವ ಮೊದಲೇ ಮೆಣಸಿನಕಾಯಿ ಹರಿಯುವ ಕೆಲಸ, ಅದರ ಬೆನ್ನಿಗೆ ಕಡಲೆ ಕೀಳುವುದು, ಬಿಳಿಜೋಳ ಕೀಳುವುದು, ಕುಸುಬಿ ಕೊಯ್ಯುವುದು. ಹೋಳಿ ಹುಣ್ಣಿಮೆ ಕಳೆದು ಯಮನೂರಿನ ಜಾತ್ರೆಗೆ ಜನ ಬೆಣ್ಣೆಹಳ್ಳದ ದಂಡೆಯಲ್ಲಿ ಸೇರುವ ಹೊತ್ತಿಗೆ ಬಹುಮಟ್ಟಿಗೆ ರಾಶಿ ಮನೆ ಸೇರಿರುತ್ತದೆ. ರಾಶಿಯ ಲೆಕ್ಕ ಎಲ್ಲರೂ ಇಡುತ್ತಾರೆ. ಅದರ ಜೊತೆಗೆ ಮನೆಗೆ ಬಂದ ಕೈನೋವಿನ ಲೆಕ್ಕ ಯಾರೂ ಇಡುವುದಿಲ್ಲ.

ಯಮನೂರಿನಲ್ಲಿ ಕಡಲೆ ಬೆಳೆಯ ಕೀಡೆಯ ಹತೋಟಿ ಕುರಿತು ಸಭೆ ನಡೆಸಿ ಎದ್ದು ಹೊರಟಾಗ ಒಬ್ಬ ಹೆಣ್ಣುಮಗಳು ತಡೆದು ನಿಲ್ಲಿಸಿದಳು. "ಸಾಹೇಬ್ರ, ರಾತ್ರಿ ಕೈ ಜೋಮು ಹಿಡದು ಎಚ್ಚರ ಆಗತೈತ್ರಿ. ಕೈ ಝಾಡಿಸಿಕೋಂತ ಕುಂದರತೀನ್ರಿ. ಮುಂಜಾನೆ ರೊಟ್ಟಿ ಬಡಿಯಾಕ ಕೂತ್ರ ಬೆರಳು ನನ್ನವು ಅಲ್ಲೇನೋ ಅನಸತೈತ್ರಿ" ಎಂದಳು. ಈ ಮಾತನ್ನು ಆಕೆ ಮನೆಯಲ್ಲಿ ಹೇಳಿರಲಿಲ್ಲ. ಕೈ ಸರಿಯಿಲ್ಲವೆಂದು ಗೊತ್ತಾದರೆ ಕೂಲಿಗೆ ಕರೆಯುವುದಿಲ್ಲವೆಂಬ ಅಂಜಿಕೆ. ಕೀಡೆಗೆ ಯಾವ ಔಷಧ ಹೊಡೆಯಬೇಕೆಂದು ಹೇಳಲು ಹೋದ ನನಗೆ ಆಕೆಯ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ. ಆ ಮೇಲೆ ವೈದ್ಯರನ್ನೂ ಫಿಜಿಯೋಥೆರಪಿ ತಜ್ಞರನ್ನೂ ಕಂಡು ಕೇಳಿ ತಿಳಿದುಕೊಂಡದ್ದನ್ನು ಈ ವಾರ ಓದುಗರ ಮುಂದಿಡುತ್ತಿದ್ದೇನೆ.

ಕೃಷಿ ಪುಟದಲ್ಲಿ ಕೈನೋವಿನ ಮಾತೇಕೆ ಎಂದು ಕೆಲವರು ಕೇಳಬಹುದು. ಒಕ್ಕಲುತನದ ಮೊದಲ ಸಲಕರಣೆ ಕೈಯೇ ಅಲ್ಲವೇ? ಟ್ರ್ಯಾಕ್ಟರಿಗೆ ಇಂತಿಷ್ಟು ತಾಸು ಓಡಿದ ಮೇಲೆ ಎಣ್ಣೆ ಬದಲಿಸುತ್ತೇವೆ. ಬಂಡಿಯ ಗಾಲಿ ಕಿರುಗುಟ್ಟಿದರೆ ಕೀಲೆಣ್ಣೆ ಹಾಕುತ್ತೇವೆ. ಇಪ್ಪತ್ತು ವರ್ಷ ಕಸ ತೆಗೆದ ಕೈ ಕಿರುಗುಟ್ಟಿದರೆ "ವಯಸ್ಸಾತು" ಎಂದು ಸುಮ್ಮನಾಗುತ್ತೇವೆ. ಈ ನೋವು ಹಣೆಬರಹವಲ್ಲ. ಇದಕ್ಕೆ ಕಾರಣವಿದೆ, ಬೇಗ ಗಮನಿಸಿದರೆ ಬಹಳ ಮಂದಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ಗುಣವೂ ಇದೆ.

ಮೊದಲು ಒಳಗೆ ಏನಾಗುತ್ತದೆ ಎಂಬುದನ್ನು ನೋಡೋಣ. ನಮ್ಮ ಮಣಿಕಟ್ಟಿನಲ್ಲಿ ಎಲುಬುಗಳ ನಡುವೆ ಒಂದು ಇಕ್ಕಟ್ಟಾದ ಹಾದಿ ಇದೆ. ಬೆರಳು ಮಡಿಸುವ 9 ಹುರಿಗಳೂ ಒಂದು ನರವೂ ಅದರಲ್ಲೇ ಹಾಯುತ್ತವೆ. ಒಂದೇ ಪೈಪಿನಲ್ಲಿ 9 ಹಗ್ಗ, ಒಂದು ವಿದ್ಯುತ್ ತಂತಿ ತೂರಿಸಿದಂತೆ ಎಂದು ತಿಳಿಯಿರಿ. ಮಣಿಕಟ್ಟು ಬಗ್ಗಿಸಿ, ಬಿಗಿಯಾಗಿ ಹಿಡಿದು, ಅದೇ ಕೆಲಸವನ್ನು ದಿನವಿಡೀ ಮಾಡಿದರೆ ಹಗ್ಗಗಳ ಸುತ್ತ ಬಾವು ಬರುತ್ತದೆ. ಪೈಪು ಹಿಗ್ಗುವುದಿಲ್ಲ, ಒತ್ತಡವೆಲ್ಲ ನರದ ಮೇಲೆ ಬೀಳುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಏನೂ ಆಗುವುದಿಲ್ಲ. ರಾತ್ರಿ ಹೆಚ್ಚು, ಕೈ ಝಾಡಿಸಿದರೆ ಹಗುರ. ವೈದ್ಯರು ಇದನ್ನು ಕಾರ್ಪಲ್ ಟನಲ್ ಬೇನೆ ಎನ್ನುತ್ತಾರೆ. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿ, ಒಂದು ನಿಮಿಷ ಹಿಡಿದಾಗ ಜೋಮು ಬಂದರೆ ಈ ಬೇನೆಯ ಸಂಶಯ ಪಡಬೇಕು.

ಎಲ್ಲ ಕೈನೋವೂ ಇದೇ ಅಲ್ಲ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಬದಿಗೆ ಚುಚ್ಚಿದಂತೆ ನೋವಿದ್ದು, ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು ಕೈಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ವಾಲಿಸಿದಾಗ ಜೀವ ಹೋದಂತಾದರೆ ಅದು ಹೆಬ್ಬೆರಳಿನ ಹುರಿಯ ಬಾವು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರೇ ಇದಕ್ಕೆ ನಿಂತಿದೆ. ಬೆರಳು ಮಡಿಸಿದಾಗ ಸಿಕ್ಕಿಕೊಂಡು, ಬಿಡಿಸುವಾಗ "ಟಕ್" ಎಂದು ಸಿಡಿದರೆ ಅದು ಮೂರನೆಯ ಬಗೆ. ಜೋಮು ತೋಳಿನುದ್ದಕ್ಕೂ ಇಳಿಯುತ್ತಿದ್ದರೆ ಮೂಲ ಕುತ್ತಿಗೆಯಲ್ಲಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರುತನ ಇವುಗಳಿಂದಲೂ ಕೈ ಜೋಮು ಹಿಡಿಯುವುದುಂಟು. ಚರ್ಮದ ಮೇಲೆ ಬಣ್ಣಗೆಟ್ಟ ಮಚ್ಚೆಯಿದ್ದು ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಲೇಬೇಕು. ಅದರ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ರೋಗ ಪೂರ್ತಿ ಗುಣವಾಗುತ್ತದೆ. ಆದ್ದರಿಂದ ಒಮ್ಮೆ ವೈದ್ಯರಿಗೆ ತೋರಿಸಿ ರೋಗ ಯಾವುದೆಂದು ಗೊತ್ತುಮಾಡಿಕೊಳ್ಳುವುದು ಮೊದಲ ಕೆಲಸ.

ತೋರಿಸುವಾಗ ಏನು ಕೆಲಸ ಮಾಡುತ್ತೀರಿ ಎಂಬುದನ್ನು ಬಿಡಿಸಿ ಹೇಳಿರಿ. ಇಟಲಿಯ ವೈದ್ಯ ರಾಮತ್ಸಿನಿ 1700ರಲ್ಲಿ ಕಸುಬುಗಾರರ ಬೇನೆಗಳ ಮೇಲೆ ಗ್ರಂಥ ಬರೆದಾಗ, ರೋಗಿಗೆ ಕೇಳುವ ಪ್ರಶ್ನೆಗಳಲ್ಲಿ "ನಿನ್ನ ಕಸುಬೇನು?" ಎಂಬುದೂ ಸೇರಬೇಕೆಂದ. ಆ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ನೀವೇ ಹೇಳಬೇಕು: ಕಡಲೆ ಕೀಳುತ್ತೇನೆ, ಎರಡು ಎಮ್ಮೆ ಹಿಂಡುತ್ತೇನೆ, ಜಮಖಾನೆ ನೇಯುತ್ತೇನೆ ಎಂದು.

ನಮ್ಮಲ್ಲಿ ರೂಢಿಯಾಗಿರುವ ಕೆಲವು ಉಪಚಾರಗಳನ್ನು ಬಿಡಬೇಕು. ಜೋಮು ಹಿಡಿದ ಕೈಗೆ ಬರೆ ಹಾಕಿಸಬಾರದು. ಕೈ ಎಳೆಸುವುದು, ಬಲವಾಗಿ ತಿಕ್ಕಿಸುವುದು ಬಾವನ್ನು ಹೆಚ್ಚಿಸಬಹುದು. ಸ್ಪರ್ಶ ಮಂಕಾದ ಕೈಗೆ ಬಿಸಿ ತಿಳಿಯುವುದಿಲ್ಲವಾದ್ದರಿಂದ ಕಾಯಿಸಿದ ಉಪ್ಪಿನ ಗಂಟಿನ ಶಾಖದಿಂದಲೂ ಬೊಬ್ಬೆ ಏಳುತ್ತದೆ. ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಫಿಜಿಯೋಥೆರಪಿ ಎಂದರೆ ಮಾಲೀಸಲ್ಲ. ಯಾವ ಹುರಿ, ಯಾವ ನರ ಕೆಟ್ಟಿದೆ ಎಂದು ಕಂಡು, ಅದಕ್ಕೆ ವಿಶ್ರಾಂತಿ ಎಷ್ಟು, ಚಲನೆ ಎಷ್ಟು ಎಂದು ಅಳೆದು ಕೊಡುವ ಶಾಸ್ತ್ರ. ಕಾರ್ಪಲ್ ಟನಲ್ ಬೇನೆಯ ಆರಂಭದಲ್ಲಿ ಮುಖ್ಯ ಉಪಾಯ ಮಣಿಕಟ್ಟಿನ ಪಟ್ಟಿ. ಒಳಗೆ ತಗಡಿನ ಆಧಾರವಿರುವ ಈ ಪಟ್ಟಿ ಔಷಧ ಅಂಗಡಿಯಲ್ಲಿ ಸಿಗುತ್ತದೆ. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಬಾಗದೆ ನೆಟ್ಟಗಿರುವಂತೆ ರಾತ್ರಿ ಮಲಗುವಾಗ ಕಟ್ಟಿಕೊಂಡು 6 ವಾರ ಬಿಡದೆ ನಡೆಸಬೇಕು. ಬಿಗಿ ಬಹಳ ಆಗಬಾರದು.

ಇದರ ಜೊತೆಗೆ ಹುರಿಗಳು ಸಲೀಸಾಗಿ ಜಾರುವಂತೆ ಮಾಡುವ ವ್ಯಾಯಾಮವಿದೆ. ಮೊದಲು ಬೆರಳುಗಳನ್ನು ನೆಟ್ಟಗೆ ಚಾಚಿರಿ. ಬಳಿಕ ಬುಡದ ಗೆಣ್ಣು ಬಗ್ಗಿಸದೆ ಮೇಲಿನ ಎರಡು ಗೆಣ್ಣುಗಳನ್ನಷ್ಟೇ ಕೊಕ್ಕೆಯಂತೆ ಮಡಿಸಿರಿ. ಮೂರನೆಯದು ಪೂರ್ತಿ ಮುಷ್ಟಿ. ನಾಲ್ಕನೆಯದಕ್ಕೆ ಬೆರಳು ನೆಟ್ಟಗಿಟ್ಟು ಬುಡದಲ್ಲಿ ಮಾತ್ರ ಬಗ್ಗಿಸಿರಿ. ಐದನೆಯದು ಬೆರಳ ತುದಿ ಅಂಗೈಯ ಬುಡಕ್ಕೆ ತಾಗುವ ಚಪ್ಪಟೆ ಮುಷ್ಟಿ. ಪ್ರತಿ ಭಂಗಿಯ ನಡುವೆ ಬೆರಳನ್ನು ಮತ್ತೆ ನೆಟ್ಟಗೆ ತರಬೇಕು. ಒಂದೊಂದರಲ್ಲಿ 5 ಎಣಿಸುವಷ್ಟು ಹೊತ್ತು ನಿಲ್ಲಿಸಿ, ಹೀಗೆ 5 ಸುತ್ತು, ದಿನಕ್ಕೆ 3 ಸಲ. ನೋವು ಅಥವಾ ಜೋಮು ಹೆಚ್ಚಾದರೆ ನಿಲ್ಲಿಸಿ ತಜ್ಞರನ್ನು ಕೇಳಬೇಕು. ಹೆಬ್ಬೆರಳಿನ ಹುರಿ ಬಾತಿದ್ದರೆ ಮೊದಲು ಬೇಕಾದದ್ದು ವಿಶ್ರಾಂತಿ. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಕಟ್ಟಿ, ನೋವು ಇಳಿದ ಮೇಲೆ ತಜ್ಞರು ತೋರಿಸಿದ ವ್ಯಾಯಾಮ ಆರಂಭಿಸಬೇಕು.

ಆರು ವಾರಕ್ಕೂ ಇಳಿಯದಿದ್ದರೆ ಕಾಯಬೇಡಿ. ವೈದ್ಯರು ಕೊಡುವ ಇಂಜೆಕ್ಷನ್ನಿಂದ, ಕೆಲವರಿಗೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಹಗಲೂ ಜೋಮು ಬಿಡದಿದ್ದರೆ, ಕೈಯಲ್ಲಿನ ತಂಬಿಗೆ ತಾನೇ ಜಾರಿ ಬೀಳುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಬತ್ತಿದ್ದರೆ ಒಂದು ದಿನವೂ ತಡಮಾಡಬಾರದು. ನರ ಪೂರ್ತಿ ಕೆಟ್ಟ ಮೇಲೆ ಹೋದ ಬಲ ಹಿಂದಿರುಗುವುದು ಕಷ್ಟ.

ಉಪಚಾರ ಮಾಡಿಸಿಕೊಂಡು ಮತ್ತೆ ಅದೇ ರೀತಿ ದುಡಿದರೆ ನೋವು ಮರಳಿ ಬರುತ್ತದೆ. ಆದ್ದರಿಂದ ಕೆಲಸದ ರೀತಿ ಬದಲಾಗಬೇಕು. ಮೊಂಡು ಕುರ್ಪಿ, ಮೊಂಡು ಕುಡಗೋಲು ಕೈಯ ಬಲವನ್ನು ನುಂಗುತ್ತವೆ. ದಿನವೂ ಹರಿತ ಮಾಡಬೇಕು. ಸಣ್ಣ ಹಿಡಿಕೆಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ಮುಷ್ಟಿ ತುಂಬುವಷ್ಟು ದಪ್ಪ ಮಾಡಿರಿ. ಎಡೆಕುಂಟೆಯನ್ನು ಹದ ನೋಡಿ ಬೇಗ ಹೊಡೆದರೆ ಕೈಯಿಂದ ತೆಗೆಯುವ ಕಸ ಕಡಿಮೆಯಾಗುತ್ತದೆ. ಕಡಲೆಯ ಹುಳಿ ಕೈಯನ್ನು ಸುಡುತ್ತದೆ, ಕುಸುಬಿಯ ಮುಳ್ಳು ಚುಚ್ಚುತ್ತದೆ. ಎರಡಕ್ಕೂ ಕೈಚೀಲ ಬೇಕು. ಹತ್ತಿ ಬಿಡಿಸುವಾಗ ಸೊಂಟಕ್ಕೆ, ಹೆಗಲಿಗೆ ಕಟ್ಟುವ ಚೀಲವಿದ್ದರೆ ಒಂದು ಕೈ ಬಿಡುವಾಗುತ್ತದೆ. ಹೆಬ್ಬೆರಳು ಮಡಿಸಿ ಹಾಲು ಹಿಂಡುವ ರೂಢಿ ಎಮ್ಮೆಯ ಮೊಲೆಗೂ ಕೇಡು, ಹಿಂಡುವವರ ಹೆಬ್ಬೆರಳಿಗೂ ಕೇಡು. ಪೂರ್ತಿ ಮುಷ್ಟಿಯಿಂದ ಹಿಂಡಬೇಕು. ಮುಕ್ಕಾಲು ತಾಸಿಗೊಮ್ಮೆ 5 ನಿಮಿಷ ಕೈ ಬಿಡುವು ಮಾಡಿ ಬೆರಳು ಚಾಚಬೇಕು.

ಯಂತ್ರದ ಮಾತೂ ಬರುತ್ತದೆ. ಗಿಡ್ಡ ಕಡಲೆ ತಳಿಗಳನ್ನು ಕೈಯಿಂದಲೇ ಕೀಳಬೇಕು; ಎನ್‌ಬಿಇಜಿ 47ರಂತಹ ಎತ್ತರದ ತಳಿಯನ್ನು ಯಂತ್ರದಿಂದ ಕೊಯ್ಯಬಹುದು. ಆದರೆ ಯಂತ್ರ ಬಂದ ಹೊಲದಲ್ಲಿ ಕೂಲಿ ಹೋಗುತ್ತದೆ. ಕೈನೋವಿನಿಂದ ಬಿಡುಗಡೆ ಬೇಕು, ಕೂಲಿಯಿಂದ ಬಿಡುಗಡೆ ಅಲ್ಲ ಎಂದು ಹೆಣ್ಣಾಳುಗಳು ಹೇಳಿದರೆ ಅದು ನ್ಯಾಯವೇ. ಕೂಲಿ ಉಳಿಸಿ ಶ್ರಮ ಇಳಿಸುವ ಸಣ್ಣ ಕೈಸಲಕರಣೆಗಳಿಗೆ ನಮ್ಮ ಇಲಾಖೆ ಇನ್ನೂ ಹೆಚ್ಚು ಮಹತ್ವ ಕೊಡಬೇಕು. ಯಂತ್ರಧಾರೆ ಕೇಂದ್ರಗಳಲ್ಲಿ ದೊಡ್ಡ ಯಂತ್ರಗಳ ಪಕ್ಕದಲ್ಲಿ ಇವಕ್ಕೂ ಜಾಗವಿರಲಿ.

ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಿ (ಹಿಂದಿನ ಕಿಮ್ಸ್), ಧಾರವಾಡದ ಸತ್ತೂರಿನ ಎಸ್.ಡಿ.ಎಂ.ನಲ್ಲಿ ಫಿಜಿಯೋಥೆರಪಿ ಉಂಟು. ಆದರೆ ಕೂಲಿಯ ಹೆಣ್ಣುಮಗಳಿಗೆ ಅಲ್ಲಿಗೆ ಒಮ್ಮೆ ಹೋಗಿಬರುವುದೆಂದರೆ ಒಂದು ದಿನದ ಪಗಾರವೂ ಬಸ್ಸಿನ ಖರ್ಚೂ ಸೇರಿದ ಭಾರ. ಕಾರ್ಖಾನೆಯ ಕೆಲಸಗಾರನಿಗೆ ಇಎಸ್ಐ ಆಸ್ಪತ್ರೆಯಿದೆ. ಹೊಲದ ಆಳಿಗೆ ಅದಿಲ್ಲ. ಸುಗ್ಗಿಯ ನಾಲ್ಕು ತಿಂಗಳಾದರೂ ವಾರಕ್ಕೊಮ್ಮೆ, ಸಂತೆಯ ದಿನ, ಹಳ್ಳಿಯ ಸಮೀಪದ ಆರೋಗ್ಯ ಕೇಂದ್ರದಲ್ಲಿ ಫಿಜಿಯೋಥೆರಪಿ ತಜ್ಞರು ಕುಳಿತುಕೊಳ್ಳುವ ವ್ಯವಸ್ಥೆ ಆಗಬೇಕು. ಗ್ರಾಮ ಪಂಚಾಯಿತಿಗಳು ಠರಾವು ಮಾಡಿ ಇದನ್ನು ಕೇಳಬೇಕು.

ವಾಚನಾಲಯದಲ್ಲಿ ಕುಳಿತು ಈ ಪುಟ ಓದುವವರಲ್ಲಿ ಗಂಡಸರೇ ಹೆಚ್ಚು. ಕೈನೋವು ಉಣ್ಣುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆದ್ದರಿಂದ ಒಂದು ಕೋರಿಕೆ: ಇಂದು ಮನೆಗೆ ಹೋದವರೇ ತಾಯಿಯನ್ನು, ಹೆಂಡತಿಯನ್ನು, ಸೊಸೆಯನ್ನು "ರಾತ್ರಿ ಕೈ ಜೋಮು ಹಿಡಿಯುತ್ತದೆಯೇ?" ಎಂದು ಕೇಳಿರಿ. ಹೌದೆಂದರೆ ನೀರಿನ ಕೊಡವನ್ನು ನೀವು ಎತ್ತಿ, ಎಮ್ಮೆಯನ್ನು ನೀವು ಹಿಂಡಿ, ಬರುವ ವಾರವೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.