ವಾಯುಭಾರ ಕುಸಿದರೆ ಮೀನಿಗೇನು?

‘ಮತ್ಸ್ಯವಿನೋದ’ದ ಬಗ್ಗೆ ಬರೆದ ಅಂಕಣ ಓದಿ ಫ್ಲೋರಿಡಾದ ಟ್ಯಾಂಪಾದಲ್ಲಿರುವ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹಾಸನದ ಕಡೆಯವರು, ಊರಿನ ಕೆರೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕುತ್ತಾ ಬೆಳೆದವರು. ಈಗ ಅಲ್ಲಿನ ಗೆಳೆಯರ ಜೊತೆ ಫ್ಲೈ ರಾಡ್ ಹಿಡಿದು ಸಮುದ್ರಕ್ಕೆ ಹೋಗುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ಆ ‘ಮತ್ಸ್ಯವಿನೋದ’ದಲ್ಲಿ ಗಾಳದ ಕೋಲು, ದಾರ, ಎರೆಗಳ ಬಗ್ಗೆ ಅಷ್ಟೆಲ್ಲ ಬರೆದಿಟ್ಟಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲವಂತೆ. ಓದಿ ಸಂತೋಷವಾಯಿತು. ಪತ್ರದ ಉಳಿದ ಭಾಗವೆಲ್ಲ, ಫೆಬ್ರುವರಿಯ ಕೊನೆಯಲ್ಲಿ ಫ್ಲೋರಿಡಾ ಕೀಸ್ ದ್ವೀಪಸಾಲಿನ ಇಸ್ಲಮೊರಾಡಾಕ್ಕೆ ಬೋನ್‌ಫಿಶ್ ಹಿಡಿಯಲು ಹೋಗಿ ಬರಿಗೈಯಲ್ಲಿ ಬಂದ ಕತೆ. ಮೊದಲೆರಡು ದಿನ ಮೋಡ, ಬಿರುಸು ಗಾಳಿ, ನಡುವೆ ಒಂದು ಜೋರು ಮಳೆ. ಕೊನೆಯ ದಿನ ಆಕಾಶ ತಿಳಿಯಾಗಿತ್ತು, ಆದರೂ ಮೀನಿಲ್ಲ. ‘ವಾಯುಭಾರ ಕುಸಿದಿತ್ತು, ಅದಕ್ಕೇ ಮೀನು ಕಚ್ಚಲಿಲ್ಲ’ ಎಂದನಂತೆ ದೋಣಿಯ ಗೈಡ್.

ಈ ಒಂದು ಮಾತು ವಾರವಿಡೀ ತಲೆ ಕೊರೆಯುತ್ತಿದೆ.

ವಾಯುಭಾರ ಕುಸಿತ ಎಂಬುದನ್ನು ಕೇಳಿದರೆ ನನಗೆ ಸಿಟ್ಟು ಬರುವುದು ಈ ಅಂಕಣದ ಓದುಗರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ನಾಲ್ಕು ಹನಿ ಬಿದ್ದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಉಡುಪಿಯಲ್ಲಿ ಸೆಕೆ ಹೆಚ್ಚಾದರೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ. ಎಷ್ಟು ಕುಸಿಯಿತು, ಎಲ್ಲಿಂದ ಎಲ್ಲಿಗೆ ಸರಿಯುತ್ತಿದೆ, ಅದಕ್ಕೂ ಈ ಮಳೆಗೂ ಏನು ಸಂಬಂಧ ಎಂದು ಹೇಳುವ ಗೋಜಿಗೆ ಟಿವಿಯವರು ಹೋಗುವುದಿಲ್ಲ. ಕಾರಣ ಹೇಳಿದಂತಾಯಿತು, ಅಷ್ಟು ಸಾಕು. ಈಗ ಆ ಮಾತು ಅಟ್ಲಾಂಟಿಕ್‌ನ ಮೀನಿನ ಹಸಿವಿನವರೆಗೂ ಹೋಗಿದೆ.

ಲೆಕ್ಕ ಹಾಕಿಯೇ ನೋಡೋಣ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ ಸರಾಸರಿ 1013 ಹೆಕ್ಟೊಪಾಸ್ಕಲ್. ಸಮುದ್ರದಲ್ಲಿ ಹತ್ತು ಮೀಟರ್ ಆಳಕ್ಕೆ ಇಳಿದರೆ ಹೆಚ್ಚುಕಡಿಮೆ ಇನ್ನೊಂದು ಅಷ್ಟೇ ಒತ್ತಡ ಸೇರುತ್ತದೆ. ಅಂದರೆ ಒಂದು ಸೆಂಟಿಮೀಟರ್ ನೀರಿಗೆ ಒಂದು ಹೆಕ್ಟೊಪಾಸ್ಕಲ್ ಎಂದು ಹಿಡಿದರೆ ತಪ್ಪಿಲ್ಲ. ಉತ್ತರದಿಂದ ಬರುವ ಶೀತಮಾರುತ ಕೀಸ್ ಮೇಲೆ ಹಾಯುವ ಮುನ್ನ ಬ್ಯಾರೋಮೀಟರಿನ ಮುಳ್ಳು ಹತ್ತು ಹೆಕ್ಟೊಪಾಸ್ಕಲ್ ಇಳಿಯಿತು ಎನ್ನಿ. ಮೊಣಕಾಲುದ್ದದ ನೀರಿನಲ್ಲಿ ಏಡಿ ಕೆದಕುವ ಬೋನ್‌ಫಿಶ್ ನಾಲ್ಕು ಬೆರಳು ಮೇಲೆ ಬಂದರೆ ಅಷ್ಟೇ ಒತ್ತಡ ಇಳಿಯುತ್ತದೆ. ಕೀಸ್‌ನ ಅಟ್ಲಾಂಟಿಕ್ ಮಗ್ಗುಲಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡಡಿ ವ್ಯತ್ಯಾಸವಿರುತ್ತದೆ. ತಳ ಬಿಟ್ಟು ಕದಲದ ಮೀನಿಗೂ ದಿನಕ್ಕೆರಡು ಬಾರಿ ಅರವತ್ತು ಹೆಕ್ಟೊಪಾಸ್ಕಲ್ ಏರಿಳಿತ ತಪ್ಪಿದ್ದಲ್ಲ. ಅದರ ನಡುವೆ ಹತ್ತು ಹೆಕ್ಟೊಪಾಸ್ಕಲ್‌ಗೆ ಹೆದರಿ ಅದು ಊಟ ಬಿಡುತ್ತದೆಯೆ?

ಇದೇ ಇಸ್ಲಮೊರಾಡಾ ಸೀಮೆಯ ದೊಡ್ಡ ಅಳತೆಯೊಂದನ್ನು ಮುಂದಿಡುತ್ತೇನೆ. 1935ರ ಸೆಪ್ಟೆಂಬರ್ 2ರ ರಾತ್ರಿ ಅಲ್ಲಿಗೆ ಬಡಿದ ಚಂಡಮಾರುತದ ಹೊತ್ತಿನಲ್ಲಿ ವಾಯುಭಾರ 892 ಹೆಕ್ಟೊಪಾಸ್ಕಲ್‌ಗೆ ಇಳಿದಿತ್ತು. ಅಮೆರಿಕದ ನೆಲಕ್ಕೆ ಅಪ್ಪಳಿಸಿದ ಚಂಡಮಾರುತಗಳಲ್ಲಿ ಅಷ್ಟು ಕಡಿಮೆ ಒತ್ತಡ ಇನ್ನೊಂದರಲ್ಲಿ ದಾಖಲಾಗಿಲ್ಲ. ರಸ್ತೆ ಕೆಲಸಕ್ಕೆಂದು ಬಂದು ಶಿಬಿರಗಳಲ್ಲಿದ್ದ ಮೊದಲ ಮಹಾಯುದ್ಧದ ಮಾಜಿ ಸೈನಿಕರೂ ಸೇರಿ ನಾನೂರಕ್ಕೂ ಹೆಚ್ಚು ಜನ ಸತ್ತರು. ಶಿಬಿರದ ಆ ಸೈನಿಕರನ್ನು ಕರೆತರಲು ಹೊರಟ ರೈಲಿನ ಬೋಗಿಗಳನ್ನೇ ಸಮುದ್ರ ಹಳಿಯಿಂದ ಎತ್ತಿ ಹಾಕಿತು. ಆ ರಾತ್ರಿಯ ಕುಸಿತವನ್ನೂ ನೀರಿನ ಲೆಕ್ಕಕ್ಕೆ ತಂದರೆ ನಾಲ್ಕಡಿಯಷ್ಟೆ. ಮನುಷ್ಯನ ಊರನ್ನೇ ಅಳಿಸಿದ ಅಂಕಿಯನ್ನು ನಾಲ್ಕಡಿ ಮೇಲೆ ಕೆಳಗೆ ಆಡುವ ಮೀನು ದಿನವೂ ದಾಟುತ್ತಿರುತ್ತದೆ.

ಬ್ಯಾರೋಮೀಟರು ಮೀನುಗಾರರ ಮನೆಬಾಗಿಲಿಗೆ ಬಂದದ್ದಾದರೂ ಏಕೆ? ಡಾರ್ವಿನ್ನನನ್ನು ಹೊತ್ತೊಯ್ದ ‘ಬೀಗಲ್’ ಹಡಗಿನ ಕಪ್ತಾನ ರಾಬರ್ಟ್ ಫಿಟ್ಜ್‌ರಾಯ್ ಮುಂದೆ ಬ್ರಿಟನ್ನಿನ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥನಾದ. 1859ರ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ವೇಲ್ಸ್ ಕರಾವಳಿಯಲ್ಲಿ ಒಡೆದು ನೂರಾರು ಜನ ಮುಳುಗಿದ ಮೇಲೆ ಅವನು ತಂತಿಯ ಮೂಲಕ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳಿಸುವ ಏರ್ಪಾಡು ಮಾಡಿದ. 1861ರಲ್ಲಿ ಅದು ಶುರುವಾಯಿತು. ಬಡ ಮೀನುಗಾರರ ಹಳ್ಳಿಗಳಲ್ಲಿ ಎಲ್ಲರಿಗೂ ಕಾಣುವಂತೆ ಬ್ಯಾರೋಮೀಟರ್ ನಿಲ್ಲಿಸಿದವನೂ ಅವನೇ. ದೋಣಿ ಇಳಿಸಬಹುದೋ ಬಾರದೋ, ಹೋದವರು ಮರಳಿ ಬರುತ್ತಾರೋ ಇಲ್ಲವೋ ಎಂಬುದನ್ನು ತಿಳಿಯಲು ಅದು. ನಮ್ಮ ಬಂದರುಗಳಲ್ಲಿ ಇಂದಿಗೂ ಎಚ್ಚರಿಕೆಯ ಸಂಕೇತ ಏರಿಸುವುದು ಅದಕ್ಕಾಗಿಯೇ. ಜೀವ ಉಳಿಸಲು ಬಂದ ಉಪಕರಣ, ಮೀನಿನ ಮನಸ್ಸು ಹೇಳುವ ಶಕುನದ ಹಲ್ಲಿಯಾಗಿ ಯಾವಾಗ ಬದಲಾಯಿತೋ! ಅದೂ ಒಂದೇ ಶಕುನವಲ್ಲ. ಮುಳ್ಳು ಇಳಿಯುವಾಗಲೇ ಮೀನು ಮುಗಿಬಿದ್ದು ತಿನ್ನುತ್ತದೆ ಎನ್ನುವವರು ಗಾಳಗಾರರಲ್ಲಿ ಬಹಳ ಮಂದಿ. ಇಳಿದರೆ ಕಚ್ಚುವುದಿಲ್ಲ ಎನ್ನುವವರೂ ಇದ್ದಾರೆ, ಈ ಗೈಡಿನ ಹಾಗೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಪುರಾವೆಯೊಂದು ಪತ್ರ ಬರೆದವರ ಊರಿನ ಪಕ್ಕದಲ್ಲೇ ಇದೆ, ಅದನ್ನು ಮುಚ್ಚಿಡಲಾರೆ. 2001ರ ಸೆಪ್ಟೆಂಬರಿನಲ್ಲಿ ‘ಗೇಬ್ರಿಯೆಲ್’ ಎಂಬ ಬಿರುಗಾಳಿ ಫ್ಲೋರಿಡಾದ ಪಶ್ಚಿಮ ಕರಾವಳಿಗೆ ಬಂತು. ಟ್ಯಾಂಪಾ ಬಳಿಯ ಟೆರಾ ಸೀಯಾ ಕೊಲ್ಲಿಯಲ್ಲಿ ಆಗ ವಿಜ್ಞಾನಿಗಳು ಬ್ಲ್ಯಾಕ್‌ಟಿಪ್ ಶಾರ್ಕ್ ಮರಿಗಳಿಗೆ ಪುಟ್ಟ ಟ್ರಾನ್ಸ್‌ಮಿಟರ್ ಅಳವಡಿಸಿ ಅವುಗಳ ಓಡಾಟ ಗಮನಿಸುತ್ತಿದ್ದರು. ಬಿರುಗಾಳಿ ದಡ ಮುಟ್ಟುವ ಮೊದಲೇ ಆ ಮರಿಗಳು ಆಳವಿಲ್ಲದ ಕೊಲ್ಲಿ ಬಿಟ್ಟು ಹೊರಟವು, ಗಾಳಿ ಸರಿದ ಮೇಲೆ ಹಿಂತಿರುಗಿದವು. ಆ ವರ್ಷವೇ ಹುಟ್ಟಿದ ಮರಿಗಳು ಅವು, ಹಿಂದೆಂದೂ ಬಿರುಗಾಳಿ ಕಂಡಿರಲಿಲ್ಲ. ಕುಸಿಯುತ್ತಿದ್ದ ವಾಯುಭಾರವೇ ಅವುಗಳಿಗೆ ಸೂಚನೆ ಕೊಟ್ಟಿತೆಂದು 2003ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ಶಾರ್ಕಿಗೆ ಬೇರೆ ಮೀನುಗಳಂತೆ ಗಾಳಿಚೀಲವೂ ಇಲ್ಲ. ಉಬ್ಬರದ ಅರವತ್ತರ ನಡುವೆ ಬಿರುಗಾಳಿಯ ಸಣ್ಣ ಕುಸಿತವನ್ನು ಅವು ಬೇರ್ಪಡಿಸಿ ಗುರುತಿಸುತ್ತವೆ ಎಂದರೆ, ನನ್ನ ಸೆಂಟಿಮೀಟರಿನ ಲೆಕ್ಕಕ್ಕೆ ನಿಲುಕದ ಸೂಕ್ಷ್ಮ ಅಲ್ಲೇನೋ ಇದೆ. ಆದರೆ ಪ್ರಾಣಾಪಾಯ ಕಂಡು ಮನೆ ಬಿಡುವುದು ಬೇರೆ, ಬಾಯಿಗೆ ಬಂದ ತುತ್ತು ಬಿಡುವುದು ಬೇರೆ.

ಇಷ್ಟು ಬರೆದು, ಗೈಡಿನ ಮಾತು ನಿಖರವಾಗಿ ಹೇಗಿತ್ತೆಂದು ನೋಡಲು ಪತ್ರವನ್ನು ಮತ್ತೆ ತೆಗೆದೆ. ಈ ಸಲ ಕಣ್ಣಿಗೆ ಬಿದ್ದದ್ದು ಮೊದಲ ದಿನದ ಒಂದು ಪ್ರಸಂಗ.

ಅವರು ದೋಣಿಯ ಮುಂತುದಿಯಲ್ಲಿ ನಿಂತಿದ್ದಾರೆ. ಗೈಡ್ ಹಿಂಬದಿಯ ಅಟ್ಟಣೆ ಹತ್ತಿ, ಉದ್ದನೆಯ ಗಳವನ್ನು ತಳಕ್ಕೆ ಊರಿ ದೋಣಿ ತಳ್ಳುತ್ತಿದ್ದಾನೆ. ದೋಣಿಯ ಮೂತಿಯನ್ನು ಗಡಿಯಾರದ ಹನ್ನೆರಡು ಎಂದಿಟ್ಟುಕೊಂಡು ‘ಎರಡು ಗಂಟೆಗೆ, ನಲವತ್ತು ಅಡಿ’ ಎಂದು ಕೂಗುತ್ತಾನೆ. ಇವರು ಬಲಗೈಯವರು, ಗಾಳಿ ಬೀಸುತ್ತಿರುವುದೂ ಬಲದಿಂದಲೇ. ಫ್ಲೈ ಎಂದರೆ ಕೊಕ್ಕೆಗೆ ಕಟ್ಟಿದ ಒಂದು ಚಿಟಿಕೆ ಕೂದಲು. ಎಸೆಯುವುದಕ್ಕೆ ಬೇಕಾದ ತೂಕವೆಲ್ಲ ದಪ್ಪನೆಯ ಲೈನಿನದು, ಆ ಲೈನನ್ನು ಗಾಳಿ ಹೇಗೆ ಬೇಕಾದರೂ ಬಾಗಿಸುತ್ತದೆ. ಹಿಂದಕ್ಕೆ ಬೀಸಿ ಮುಂದಕ್ಕೆ ತರುವಾಗ ಕೊಕ್ಕೆ ಟೋಪಿಯ ಹಿಂಬದಿಗೆ ಸಿಕ್ಕಿಕೊಂಡಿತು. ಕಾಲ ಬಳಿ ಸುರುಳಿ ಬಿಟ್ಟಿದ್ದ ಲೈನ್ ಹಾರಿ ನೀರಿಗೆ ಬಿತ್ತು. ಬಿಡಿಸಿಕೊಂಡು ತಲೆಯೆತ್ತಿ ಎಲ್ಲಿ ಎಂದು ಕೇಳಿದರೆ, ಅಲ್ಲೇ, ಮೂರು ಗಂಟೆಗೆ ಎಂದ ಗೈಡ್. ಇವರಿಗೆ ಕಂಡದ್ದು ಬೂದುಬಣ್ಣದ ನೀರು ಮಾತ್ರ. ಸ್ವಲ್ಪ ಹೊತ್ತಿಗೆ ಗೈಡಿಗೂ ಕಾಣದಾಯಿತು.

ಮುಂದಿನ ಪುಟಗಳನ್ನೂ ಹುಡುಕಿದೆ. ಮೀನೊಂದು ಫ್ಲೈಯನ್ನು ನೋಡಿ ತಿರಸ್ಕರಿಸಿತು ಎಂದು ಅವರು ಎಲ್ಲಿಯೂ ಬರೆದಿಲ್ಲ. ಮೊದಲೆರಡು ದಿನ ಒಂದು ಬೋನ್‌ಫಿಶ್ ಮುಂದೆಯೂ ಫ್ಲೈ ನೆಟ್ಟಗೆ ಬಿದ್ದೇ ಇಲ್ಲ. ಮೀನಿಗೆ ಹಸಿವಿತ್ತೋ ಇಲ್ಲವೋ ಎಂಬ ಪ್ರಶ್ನೆಯನ್ನು ಯಾರೂ ಮೀನಿಗೆ ಕೇಳಲಿಲ್ಲ.

ಕೆರೆಯಲ್ಲಿ ಎರೆ ಬಿಟ್ಟು ಕೂರುವ ಬೇಟೆಗೂ ಈ ಫ್ಲೈ ಬೇಟೆಗೂ ಇರುವ ಅಂತರ ಇದು. ಇಲ್ಲಿ ಮೊದಲು ಮೀನು ಕಾಣಬೇಕು. ಬೋನ್‌ಫಿಶ್‌ನ ಮೈ ಕನ್ನಡಿಯಂತೆ ತಳದ ಬಣ್ಣವನ್ನೇ ಪ್ರತಿಫಲಿಸುವುದರಿಂದ ಅದು ಸುಲಭಕ್ಕೆ ಕಾಣದು. ಮರಳಿನ ಮೇಲೆ ಸರಿಯುವ ಅದರ ನೆರಳು ಕಾಣುತ್ತದೆ. ಮೋಡ ಕವಿದರೆ ನೆರಳಿಲ್ಲ. ತಲೆ ತಗ್ಗಿಸಿ ತಳ ಕೆದಕುವಾಗ ಬಾಲದ ತುದಿ ನೀರಿನಿಂದ ಹೊರಗೆ ಮಿನುಗುತ್ತದೆ, ಆದರೆ ನೀರೆಲ್ಲ ತೆರೆಯೆದ್ದಾಗ ಬಾಲ ಯಾವುದು ತೆರೆ ಯಾವುದು? ಪೋಲರಾಯ್ಡ್ ಕನ್ನಡಕ ನೀರಿನ ಹೊಳಪನ್ನು ತೆಗೆಯಬಲ್ಲದು, ಇಲ್ಲದ ಬಿಸಿಲನ್ನು ತರಲಾರದು.

ವಿಚಿತ್ರವೆಂದರೆ ಅದೇ ಗಾಳಿ ಗಾಳಗಾರನಿಗೆ ಉಪಕಾರವನ್ನೂ ಮಾಡುತ್ತದೆ. ಬೆಳಕಿನ ವಕ್ರೀಭವನದಿಂದಾಗಿ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯಲ್ಲಿ ಕಾಣುತ್ತದೆ. ನೀರು ನಿಶ್ಚಲವಾಗಿದ್ದರೆ ಆ ಕಿಂಡಿಯ ಅಂಚಿನಲ್ಲಿ ರಾಡ್ ಬೀಸುವ ಕೈಯೂ ಕಂಡೀತು. ಅಲೆಯೆದ್ದರೆ ಕಿಂಡಿ ಚೂರುಚೂರಾಗುತ್ತದೆ, ದೋಣಿಗೆ ನೀರು ಬಡಿಯುವ ಸದ್ದೂ ಅಲೆಯ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಅರವತ್ತು ಅಡಿಯಿಂದ ಎಸೆಯಬೇಕಾದಲ್ಲಿ ಮೂವತ್ತು ಅಡಿಯವರೆಗೆ ಹೋಗಬಹುದು. ಪಳಗಿದವರು ಇಂಥ ಗಾಳಿಯಲ್ಲಿ ದೂರ ಎಸೆಯುವ ಆಸೆ ಬಿಟ್ಟು, ಲೈನ್ ತಗ್ಗಿನಲ್ಲಿ ಹೋಗುವಂತೆ ರಾಡನ್ನು ಪಕ್ಕಕ್ಕೆ ಬಾಗಿಸಿ ಬೀಸುತ್ತಾರೆ. ಗಾಳಿ ಬಲದಿಂದ ಬಂದರೆ ಮೀನಿಗೆ ಬೆನ್ನು ತಿರುಗಿಸಿ ನಿಂತು ಹಿಂಬೀಸಿನಲ್ಲೇ ಫ್ಲೈ ಬಿಡುತ್ತಾರೆ. ಆಗ ಕೊಕ್ಕೆ ಮೈಯಿಂದ ದೂರ ಹೋಗುತ್ತದೆ. ಆ ಎರಡು ದಿನಗಳಲ್ಲಿ ದಕ್ಷಿಣದ ಬೆಚ್ಚನೆಯ ಗಾಳಿಯಿತ್ತು, ನೀರೂ ಬೆಚ್ಚಗಿತ್ತು. ಮೀನು ಅಲ್ಲೇ ಇತ್ತು. ಗೈಡಿಗೆ ಒಂದೆರಡು ಕಂಡದ್ದೇ ಅದಕ್ಕೆ ಸಾಕ್ಷಿ.

ಪತ್ರದಲ್ಲಿ ‘ಕೊನೆಗೂ ಒಳ್ಳೆಯ ಹವೆ’ ಎಂದು ಬರೆದಿರುವುದು ಮೂರನೆಯ ದಿನದ ಬಗ್ಗೆ. ರಾತ್ರಿ ಬಡಗಣ ಗಾಳಿ ಬೀಸಿ, ಬೆಳಗ್ಗೆ ಆಕಾಶ ಒಗೆದಿಟ್ಟಂತೆ ನೀಲಿ, ಸ್ವೆಟರ್ ಹಾಕಿಕೊಳ್ಳುವಷ್ಟು ತಂಪು, ನೀರಿನ ತಳದ ಒಂದೊಂದು ಹುಲ್ಲೂ ಕಾಣುತ್ತಿತ್ತಂತೆ. ಆಗ ವಾಯುಭಾರ ಕುಸಿದಿರಲಿಲ್ಲ, ಏರುತ್ತಿತ್ತು. ಶೀತಮಾರುತ ದಾಟಿದ ಮೇಲೆ ಏರಲೇಬೇಕು. ಗೈಡ್ ಕೊಟ್ಟ ಕಾರಣ ಆ ದಿನಕ್ಕೇ ಹೊಂದುವುದಿಲ್ಲ. ಮೊಣಕಾಲುದ್ದದ ನೀರು ಒಂದೇ ರಾತ್ರಿಯಲ್ಲಿ ತಣ್ಣಗಾಗಿಬಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೋನ್‌ಫಿಶ್ ಆಳದ ಕಾಲುವೆಗಳಿಗೆ ಸರಿಯುತ್ತದೆ ಎಂಬುದು ಅಲ್ಲಿನ ಗೈಡ್‌ಗಳದೇ ಲೆಕ್ಕ. ಅಂದು ಎಲ್ಲವೂ ಕಾಣುತ್ತಿತ್ತು, ಮೀನೊಂದು ಇರಲಿಲ್ಲ.

ಮೀನಿನ ಪಾಲಿಗೆ ಕೆಟ್ಟ ಹವೆ ಎಂದರೆ ಏನೆಂದು ಕೀಸ್‌ನ ಜನ 2010ರ ಜನವರಿಯಲ್ಲಿ ನೋಡಿದರು. ದಿನಗಟ್ಟಲೆ ಚಳಿ ಹಿಡಿದು, ಫ್ಲೋರಿಡಾ ಕೊಲ್ಲಿಯ ತೆಳುನೀರು 10 ಡಿಗ್ರಿಗಿಂತ ಕೆಳಗಿಳಿಯಿತು. ಸ್ನೂಕ್, ಟಾರ್ಪನ್, ಬೋನ್‌ಫಿಶ್‌ಗಳು ಸತ್ತು ತೇಲಿದವು. ದಡದ ಬಳಿಯ ಹವಳಗಳೂ, ಮ್ಯಾನಟೀಗಳೂ ಸತ್ತವು. ಮೆಕ್ಸಿಕೊ ಕೊಲ್ಲಿಯ ಕಡೆ ಸ್ನೂಕ್ ಹಿಡಿದು ಒಯ್ಯುವುದನ್ನು ನಿಷೇಧಿಸಿ, ಮತ್ತೆ ಅನುಮತಿ ಕೊಟ್ಟದ್ದು 2013ರ ಸೆಪ್ಟೆಂಬರಿನಲ್ಲಿ. ದಡದ ರಸ್ತೆಯಿಂದ ನೀರನ್ನು ನೋಡಿದ ಪ್ರವಾಸಿಗೆ ದೂರಲು ಏನೂ ಕಾಣದ ಬಿಸಿಲಿನ ದಿನಗಳೂ ಆ ಜನವರಿಯಲ್ಲಿದ್ದವು.

ಟ್ಯಾಂಪಾದ ಮಹನೀಯರಿಗೆ ಈಗ ನಾನು ಬರೆಯುತ್ತಿರುವ ಉತ್ತರದಲ್ಲಿ ಬ್ಯಾರೋಮೀಟರಿನ ಪ್ರಸ್ತಾಪವಿಲ್ಲ. ಕೇಳಿರುವುದು ಎರಡೇ ಪ್ರಶ್ನೆ. ಮೂರನೆಯ ದಿನ ನೀರಿಗೆ ಥರ್ಮಾಮೀಟರ್ ಇಟ್ಟು ನೋಡಿದಿರಾ? ದೋಣಿ ದಡಕ್ಕೆ ಮರಳಿದ್ದು ಎಷ್ಟು ಹೊತ್ತಿಗೆ? ಏಕೆಂದರೆ ಅಂಥ ನೀಲಿ ದಿನ, ಕಪ್ಪು ಕೆಸರಿನ ತಳವಿರುವ ಕಡೆ ಬಿಸಿಲು ಮಧ್ಯಾಹ್ನದವರೆಗೆ ಬಿದ್ದು ನೀರು ಒಂದೆರಡು ಡಿಗ್ರಿ ಏರಿದರೆ, ಕಾಲುವೆಗೆ ಇಳಿದ ಮೀನು ಎರಡು ಮೂರು ಗಂಟೆಯ ಹೊತ್ತಿಗೆ ಮತ್ತೆ ಮೇಲೆ ಬರುವುದುಂಟು. ಪತ್ರದಲ್ಲಿ ಅವರು ಅಂದಿನ ಮಧ್ಯಾಹ್ನದ ಊಟವನ್ನು ಹೋಟೆಲಿನಲ್ಲಿ ಮಾಡಿದಂತಿದೆ.